ಕೊರಿಯಾಕ್ಕೆ ಓದಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಕೊನೆ ಇಲ್ಲವೇ ಆಗಸ್ಟ್ ಕೊನೆ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರು. ಕೊರಿಯಾದಲ್ಲಿ ಸೆಮಿಸ್ಟರ್ ಆರಂಭವಾಗುವುದು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಅದಕ್ಕೆ. ಮೈಸೂರು, ಹುಬ್ಬಳ್ಳಿ, ದಾವಣಗೆರೆ ಕಡೆಯ ಹುಡುಗ ಹುಡುಗಿಯರು, ಅವರ ಅಪ್ಪ-ಅಮ್ಮಂದಿರು ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಯಾವ ಯೂನಿವರ್ಸಿಟಿ ಒಳ್ಳೆಯದು, ಸ್ಕಾಲರ್‌ಶಿಪ್ ಹೇಗೆ ಸಿಗುತ್ತದೆ ಅನ್ನೋದು ಇಲ್ಲಿಲ್ಲ. ವಿಮಾನ ಇಳಿದ ಮೇಲಿನ ಮೊದಲ ಒಂದೆರಡು ತಿಂಗಳ ವಿಷಯ ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊರಡುವವರು ಭಾಷೆಗೆ, ಚಳಿಗೆ, ಊಟಕ್ಕೆ ಹೆದರುತ್ತಾರೆ. ಬಂದ ಮೇಲೆ ಜಾಸ್ತಿ ಸತಾಯಿಸುವುದು ಒಂದು ಪ್ಲಾಸ್ಟಿಕ್ ಕಾರ್ಡು: ವಿದೇಶಿಯರಿಗೆ ಇಲ್ಲಿ ಕೊಡುವ ಗುರುತಿನ ಚೀಟಿ, ರೆಸಿಡೆನ್ಸ್ ಕಾರ್ಡು. ಅದು ಕೈಗೆ ಬರುವವರೆಗೆ ಫೋನು ಅರ್ಧ, ಬ್ಯಾಂಕು ಅರ್ಧ, ಬದುಕೂ ಅರ್ಧ. ಹಾಗಾಗಿ ಕೆಳಗೆ ಆ ಭಾಗವನ್ನೇ ಸ್ವಲ್ಪ ಉದ್ದ ಬರೆದಿದ್ದೇನೆ.

## ಹೊರಡುವ ಮುಂಚೆ

ಯಾವ ಯಾವ ಕಾಗದ ಕೈಚೀಲದಲ್ಲೇ ಇರಬೇಕು? ಸೂಟ್‌ಕೇಸಿಗೆ ಹಾಕಿದರೆ ಆಗಲ್ವಾ?

ಬೇಡ. ಪಾಸ್‌ಪೋರ್ಟು, ವೀಸಾ ಪ್ರಿಂಟು, ಅಡ್ಮಿಷನ್ ಪತ್ರ, ಉಳಿಯುವ ಜಾಗದ ವಿಳಾಸ, ಅಪೋಸ್ಟಿಲ್ ಆದ (ಅಂದರೆ ವಿದೇಶದಲ್ಲಿ ನಡೆಯುವಂತೆ ಸರ್ಕಾರದ ಮುದ್ರೆ ಬಿದ್ದ) ಡಿಗ್ರಿ ಮತ್ತು ಮಾರ್ಕ್ಸ್‌ಕಾರ್ಡು, ಕ್ಷಯರೋಗ ಪರೀಕ್ಷೆಯ ವರದಿ, ಇಷ್ಟೂ ಕೈಚೀಲದಲ್ಲೇ ಇರಲಿ. ಭಾರತದಿಂದ ಬರುವ ವಿದ್ಯಾರ್ಥಿಗಳಿಗೆ ಕ್ಷಯರೋಗದ ವರದಿ ವೀಸಾಕ್ಕೇ ಬೇಕು. ಹಾಸ್ಟೆಲಿನವರೂ ಬಹಳ ಕಡೆ ಕೇಳುತ್ತಾರೆ. ಒಂದೇ ಪ್ರತಿ ಇಟ್ಟುಕೊಂಡು ಅದನ್ನು ವೀಸಾ ಸೆಂಟರಿಗೆ ಕೊಟ್ಟು ಬಂದವರು ಇಲ್ಲಿ ಮತ್ತೆ ಎಕ್ಸ್-ರೇ ತೆಗೆಸುತ್ತಾರೆ.

ಜೊತೆಗೆ ಫೋಟೋ. ಕೊರಿಯಾದ ಅಳತೆ 3.5 × 4.5 ಸೆಂಟಿಮೀಟರ್, ಬಿಳಿ ಹಿನ್ನೆಲೆ. ನಮ್ಮೂರ ಸ್ಟುಡಿಯೋದ ಪಾಸ್‌ಪೋರ್ಟ್ ಸೈಜ್ ಕೂಡ ಅದೇ. ಒಂದು ಡಜನ್ ಹೊಡೆಸಿಕೊಂಡು ಬನ್ನಿ, ಇಲ್ಲಿ ತುಂಬಾ ದುಬಾರಿ.

ಅಮ್ಮ ಉಪ್ಪಿನಕಾಯಿ, ಚಟ್ನಿಪುಡಿ, ರಾಗಿಹಿಟ್ಟು ಎಲ್ಲಾ ಕಟ್ಟಿದ್ದಾರೆ. ಏರ್‌ಪೋರ್ಟಲ್ಲಿ ಹಿಡೀತಾರಾ?

ಚಟ್ನಿಪುಡಿ, ಸಾರಿನಪುಡಿ, ಹಿಟ್ಟು, ಸೀಲ್ ಮಾಡಿದ ಉಪ್ಪಿನಕಾಯಿ ಸಾಮಾನ್ಯವಾಗಿ ತೊಂದರೆ ಕೊಡಲ್ಲ. ತಾಜಾ ಹಣ್ಣು, ತರಕಾರಿ, ಹಸಿ ಕರಿಬೇವು, ಬಿತ್ತನೆ ಬೀಜ, ಮಾಂಸ ಮತ್ತು ಮಾಂಸದಿಂದ ಮಾಡಿದ್ದು ಮಾತ್ರ ತರಬೇಡಿ. ಕ್ವಾರಂಟೈನ್ ನಿಯಮ ಬಿಗಿ, ದಂಡ ಜೋರು. ಅನುಮಾನ ಇದ್ದದ್ದನ್ನು ಕಸ್ಟಮ್ಸ್ ಫಾರಮಿನಲ್ಲಿ ಬರೆದುಬಿಡಿ. ಬರೆದರೆ ಹೆಚ್ಚೆಂದರೆ ತೆಗೆದು ಬಿಸಾಡುತ್ತಾರೆ, ಬಚ್ಚಿಟ್ಟರೆ ದಂಡ.

ಮಾತ್ರೆಗಳ ವಿಷಯದಲ್ಲಿ ಇನ್ನೂ ಹುಷಾರು. ಕೋಡೀನ್ ಇರುವ ಕೆಮ್ಮಿನ ಸಿರಪ್, ಜೋರಿನ ನೋವಿನ ಮಾತ್ರೆ, ನಿದ್ದೆ ಮಾತ್ರೆ ಸುಮ್ನೆ ಚೀಲದಲ್ಲಿ ಹಾಕಿಕೊಂಡು ಬರುವ ವಸ್ತುಗಳಲ್ಲ. ದಿನಾ ತಗೊಳ್ಳುವ ಔಷಧಿ ಇದ್ದರೆ ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಇರಲಿ.

ನಮ್ಮ ಚಾರ್ಜರು, ಕುಕ್ಕರು ಅಲ್ಲಿ ನಡೆಯುತ್ತಾ?

ಕರೆಂಟು 220 ವೋಲ್ಟ್, 60 ಹರ್ಟ್ಸ್. ಫೋನು, ಲ್ಯಾಪ್‌ಟಾಪಿಗೆ ತೊಂದರೆಯಿಲ್ಲ. ಸಾಕೆಟ್ಟು ಎರಡು ದುಂಡು ತೂತಿನದು. ನಮ್ಮ ಮೂರು ಪಿನ್ನು ಕೂರಲ್ಲ, ತೆಳು ಎರಡು ಪಿನ್ನು ಕೂತರೂ ಸಡಿಲ. ಎರಡು ಅಡಾಪ್ಟರ್ ತನ್ನಿ ಸಾಕು. ಎಲೆಕ್ಟ್ರಿಕ್ ಕುಕ್ಕರು, ಇಂಡಕ್ಷನ್ ಒಲೆ ತರುವ ಮುಂಚೆ ಹಾಸ್ಟೆಲ್ ನಿಯಮ ಓದಿ. ಬಹಳಷ್ಟು ಕಡೆ ರೂಮಿನಲ್ಲಿ ಬಿಸಿ ಮಾಡುವ ಸಾಮಾನು ಇಡುವಂತಿಲ್ಲ. ತಪಾಸಣೆಗೆ ಬಂದಾಗ ಸಿಕ್ಕರೆ ಕಿತ್ತುಕೊಳ್ಳುತ್ತಾರೆ, ಪೆನಾಲ್ಟಿ ಅಂಕವನ್ನೂ ಹಾಕುತ್ತಾರೆ.

## ಇಳಿದ ದಿನ

ರಾತ್ರಿ ಹನ್ನೊಂದಕ್ಕೆ ಇಂಚಾನ್ ಏರ್‌ಪೋರ್ಟ್‌ನಲ್ಲಿ ಇಳೀತೀನಿ, ಒಬ್ಬಳೇ. ಹಾಸ್ಟೆಲ್‌ಗೆ ಹೋಗೋದು ಹೇಗೆ?

ಇಮಿಗ್ರೇಷನ್, ಲಗೇಜು ಮುಗಿಯುವ ಹೊತ್ತಿಗೆ ಹನ್ನೆರಡು ದಾಟಿರುತ್ತದೆ. ಸೋಲ್ ಕಡೆ ಹೋಗುವ ಏರ್‌ಪೋರ್ಟ್ ರೈಲು ಅಷ್ಟೊತ್ತಿಗೆ ನಿಂತಿರುತ್ತದೆ. ನಡುರಾತ್ರಿ ಬಸ್ಸುಗಳಿವೆ, ಟ್ಯಾಕ್ಸಿ ಇದೆ. ಆದರೆ ಅನೇಕ ಹಾಸ್ಟೆಲುಗಳ ಬಾಗಿಲು ರಾತ್ರಿ ಒಂದರಿಂದ ಬೆಳಗ್ಗೆ ಐದರವರೆಗೆ ಬೀಗ. ದುಡ್ಡು ಸುರಿದು ಟ್ಯಾಕ್ಸಿಯಲ್ಲಿ ಹೋಗಿ ಮೆಟ್ಟಿಲ ಮೇಲೆ ಕೂರುವುದಕ್ಕಿಂತ ಏರ್‌ಪೋರ್ಟಿನಲ್ಲೇ ಬೆಳಗ್ಗೆವರೆಗೆ ಇರುವುದು ವಾಸಿ. ಬೆಳಕಿದೆ, ಬೆಚ್ಚಗಿದೆ, ಜನ ಇರುತ್ತಾರೆ. ಬೆಳಗ್ಗೆ ಎಲ್ಲಾ ಸ್ಟೇಷನ್ನಿನಲ್ಲಿ ನಿಲ್ಲುವ ರೈಲು ಹಿಡಿದರೆ ಸುಮಾರು ಒಂದು ಗಂಟೆಗೆ ಸೋಲ್ ಸ್ಟೇಷನ್. ಎಕ್ಸ್‌ಪ್ರೆಸ್ ರೈಲಿಗೆ ಟಿಕೆಟ್ಟು ಎರಡು ಪಟ್ಟಿಗೂ ಜಾಸ್ತಿ, ಉಳಿಯುವುದು ಹದಿನೈದಿಪ್ಪತ್ತೇ ನಿಮಿಷ. ಡೇಜಾನ್ ಥರದ ಊರಿಗೆ ಹೋಗುವವರು ಸೋಲ್‌ಗೆ ಹೋಗಲೇಬೇಡಿ, ಏರ್‌ಪೋರ್ಟಿನಿಂದಲೇ ನೇರ ಬಸ್ಸಿದೆ.

ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಬೆಳಗ್ಗೆ ಆರಕ್ಕೆ ನೀವು ಫೋನ್ ಮಾಡಿದರೆ ಮನೆಯಲ್ಲಿ ಇನ್ನೂ ಎರಡೂವರೆ.

ಗೂಗಲ್ ಮ್ಯಾಪ್ ಇದ್ದರೆ ಸಾಕಲ್ವಾ?

ಸಾಕಾಗಲ್ಲ. ಭದ್ರತೆಯ ಕಾರಣಕ್ಕೆ ಕೊರಿಯಾ ಸರ್ಕಾರ ವಿವರವಾದ ನಕ್ಷೆಯ ಮಾಹಿತಿಯನ್ನು ವರ್ಷಾನುಗಟ್ಟಲೆ ಹೊರಗೆ ಬಿಟ್ಟಿರಲಿಲ್ಲ. ಹಾಗಾಗಿ ಗೂಗಲ್ ಇಲ್ಲಿ ಕುಂಟುತ್ತದೆ, ನಡೆಯುವ ದಾರಿ ಕೇಳಿದರೆ ಕೈಕೊಡುತ್ತದೆ. ಇಲ್ಲಿನವರು ಬಳಸುವುದು ನೇವರ್ ಮ್ಯಾಪ್ ಅಥವಾ ಕಾಕಾವೋ ಮ್ಯಾಪ್. ಎರಡೂ ಇಂಗ್ಲಿಷಿನಲ್ಲಿ ಸಿಗುತ್ತವೆ. ಮೆಸೇಜಿಗೆ ವಾಟ್ಸಾಪ್ ಅಲ್ಲ, ಕಾಕಾವೋಟಾಕ್. ಇಷ್ಟನ್ನು ಬೆಂಗಳೂರಿನಲ್ಲಿರುವಾಗಲೇ ಹಾಕಿಕೊಳ್ಳಿ. ಮೆಟ್ರೋ ಸ್ಟೇಷನ್ ಹೆಸರಿನ ಜೊತೆ ಎಕ್ಸಿಟ್ ನಂಬರನ್ನೂ ಕೇಳಿಕೊಳ್ಳಿ. ದೊಡ್ಡ ಸ್ಟೇಷನ್ನಿನಲ್ಲಿ ತಪ್ಪು ಎಕ್ಸಿಟ್ ಹತ್ತಿದರೆ ಎಂಟು ಲೇನಿನ ರಸ್ತೆಯ ಆಚೆ ಬದಿಯಲ್ಲಿರುತ್ತೀರಿ.

ಟಿ-ಮನಿ ಕಾರ್ಡ್ ಎಲ್ಲಿ ಸಿಗುತ್ತೆ? ಪಾಸ್ ಇದೆಯಾ?

ಬಸ್ಸು, ಮೆಟ್ರೋ ಎರಡಕ್ಕೂ ನಡೆಯುವ ಈ ಕಾರ್ಡು ಯಾವುದೇ ಕನ್ವೀನಿಯನ್ಸ್ ಸ್ಟೋರಿನಲ್ಲಿ ಸಿಗುತ್ತದೆ. ನಗದು ಕೊಟ್ಟು ತುಂಬಿಸಿಕೊಳ್ಳಬೇಕು. ಸೋಲ್ ಮೆಟ್ರೋದ ಕನಿಷ್ಠ ದರ 2025ರ ಜೂನ್ ಕೊನೆಯಿಂದ 1,550 ವೋನ್. ಲೆಕ್ಕಕ್ಕೆ ಸಾವಿರ ವೋನ್ ಅಂದರೆ ಸುಮಾರು 60 ರೂಪಾಯಿ. ಬಸ್ಸಿನಿಂದ ಇಳಿಯುವಾಗಲೂ ಕಾರ್ಡು ತೋರಿಸಲೇಬೇಕು. ಹಗಲು 30 ನಿಮಿಷದೊಳಗೆ ಇನ್ನೊಂದು ಬಸ್ಸು ಅಥವಾ ಮೆಟ್ರೋ ಹತ್ತಿದರೆ ಹೊಸದಾಗಿ ಪೂರ್ತಿ ಚಾರ್ಜು ಬೀಳಲ್ಲ. ಸೋಲ್‌ನಲ್ಲಿ ದಿನಾ ಓಡಾಡುವವರಿಗೆ 2024ರಲ್ಲಿ ಬಂದ ತಿಂಗಳ ಪಾಸಿದೆ, ಕ್ಲೈಮೇಟ್ ಕಾರ್ಡ್ ಅಂತ. ಕ್ಯಾಂಪಸ್ಸಿನ ಹಾಸ್ಟೆಲಿನಲ್ಲೇ ಇರುವವರಿಗೆ ಅದು ವ್ಯರ್ಥ.

## ಮೊದಲ ವಾರ

ರೂಮಿನ ಗೋಡೆ ಮೇಲೆ ಒಂದು ಡಬ್ಬಿ ಇದೆ, ಬರೀ ಕೊರಿಯನ್. ಒತ್ತೋಕೆ ಭಯ. ಚಳಿ ಬೇರೆ.

ಅದು ಬಾಯ್ಲರಿನ ಸ್ವಿಚ್ಚು. ಕೊರಿಯಾದ ಮನೆಗಳಲ್ಲಿ ನೆಲದ ಕೆಳಗೆ ಬಿಸಿನೀರಿನ ಪೈಪು ಹರಿಯುತ್ತದೆ, ನೆಲವೇ ಕಾಯುತ್ತದೆ. ಅದಕ್ಕೆ ಒಂಡೋಲ್ ಅನ್ನುತ್ತಾರೆ. ಡಬ್ಬಿಯಲ್ಲಿ ಮುಖ್ಯವಾಗಿ ಮೂರು ಗುಂಡಿ: ‘ನಾನ್‌ಬಾಂಗ್’ ನೆಲ ಕಾಯಿಸಲು, ‘ಒನ್ಸು’ ಸ್ನಾನದ ಬಿಸಿನೀರಿಗೆ, ‘ವೇಚುಲ್’ ಹೊರಗೆ ಹೋಗುವಾಗ. ಚಳಿಗಾಲದಲ್ಲಿ ಹೊರಗೆ ಹೊರಟರೆ ಪೂರ್ತಿ ಆಫ್ ಮಾಡಬೇಡಿ, ವೇಚುಲ್‌ಗೆ ಇಡಿ. ಜನವರಿಯಲ್ಲಿ ಸೋಲ್‌ನ ಚಳಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೂ ಹೋಗುತ್ತದೆ, ಪೈಪಿನ ನೀರು ಹೆಪ್ಪುಗಟ್ಟಿ ಒಡೆದರೆ ರಿಪೇರಿ ನಿಮ್ಮ ತಲೆ ಮೇಲೆ. ಹಾಸಿಗೆ ನೆಲಕ್ಕೆ ಹಾಸಿ ಮಲಗಿದರೆ ಬೆನ್ನು ಬೆಚ್ಚಗಿರುತ್ತದೆ, ಗಂಟಲು ಮಾತ್ರ ಒಣಗುತ್ತದೆ. ಒಂದು ಒದ್ದೆ ಟವಲ್ಲು ರೂಮಿನಲ್ಲೇ ಹರವಿ ಮಲಗಿ.

ಬಾಗಿಲಿಗೆ ಕೀಲಿಕೈನೇ ಇಲ್ಲ, ನಂಬರ್ ಒತ್ತೋದು. ಅದರ ಬ್ಯಾಟರಿ ಸತ್ತರೆ?

ಸಾಯುವ ಮುಂಚೆ ಕೆಲವು ದಿನ ಕಿರಿಕಿರಿ ಸದ್ದು ಮಾಡಿ ಎಚ್ಚರಿಸುತ್ತದೆ. ಆದರೂ ಸತ್ತು ಹೊರಗೆ ಸಿಕ್ಕಿಕೊಂಡರೆ, ಬೀಗದ ಹೊರಬದಿಯಲ್ಲಿ ಕೆಳಗೆ ನೋಡಿ. ಎರಡು ಸಣ್ಣ ಲೋಹದ ಚುಕ್ಕಿಗಳು ಕಾಣುತ್ತವೆ. ಹತ್ತಿರದ ಅಂಗಡಿಯಿಂದ ಚೌಕದ 9 ವೋಲ್ಟ್ ಬ್ಯಾಟರಿ ತಂದು ಅದಕ್ಕೆ ತಾಗಿಸಿ ಹಿಡಿದುಕೊಂಡೇ ನಂಬರ್ ಒತ್ತಿ. ತೆರೆಯುತ್ತದೆ.

ಕಸ ಹಾಕೋಕೂ ದುಡ್ಡು ಕೊಡಬೇಕಂತೆ, ನಿಜಾನಾ?

ನಿಜ. 1995ರಿಂದ ಇರುವ ಪದ್ಧತಿ. ಒಣಕಸಕ್ಕೆ ಆಯಾ ಬಡಾವಣೆಯ ಹೆಸರು ಅಚ್ಚಾದ ಚೀಲವನ್ನು ಕೊಂಡು ಅದರಲ್ಲೇ ಹಾಕಬೇಕು. ಚೀಲದ ಬೆಲೆಯಲ್ಲೇ ಕಸದ ಶುಲ್ಕ ಸೇರಿದೆ. ಅನ್ನ, ತರಕಾರಿ ಸಿಪ್ಪೆ ಬೇರೆ. ಬಾಟಲಿ, ಕಾಗದ, ಡಬ್ಬಿ ಬೇರೆ, ಅವು ಬಿಟ್ಟಿ. ಮೂಳೆ, ಮೊಟ್ಟೆ ಸಿಪ್ಪೆ, ಚಹಾ ಚರಟ ಅಡುಗೆ ಕಸಕ್ಕೆ ಸೇರಲ್ಲ, ಮಾಮೂಲಿ ಚೀಲಕ್ಕೆ ಹೋಗಬೇಕು. ಪ್ರಾಣಿ ತಿನ್ನಬಹುದಾದ್ದು ಮಾತ್ರ ಅಡುಗೆ ಕಸ ಅಂತ ನೆನಪಿಟ್ಟುಕೊಂಡರೆ ಆಯ್ತು. ಕ್ಯಾಮೆರಾ ಇರುತ್ತದೆ, ಸುಮ್ನೆ ಕದ್ದು ಎಸೆಯಬೇಡಿ.

ನಾನು ಪಕ್ಕಾ ಸಸ್ಯಾಹಾರಿ, ಮೊಟ್ಟೆನೂ ತಿನ್ನಲ್ಲ. ಬದುಕೋಕೆ ಆಗುತ್ತಾ?

ಆಗುತ್ತದೆ, ಆದರೆ ಹೊರಗಿನ ಊಟ ನಂಬಿ ಆಗಲ್ಲ. ಕೊರಿಯಾದಲ್ಲಿ ತರಕಾರಿ ತಿನ್ನುವಷ್ಟು ಜನ ಇನ್ನೆಲ್ಲೂ ತಿನ್ನಲ್ವೇನೋ. ಕಷ್ಟ ಇರುವುದು ಕಣ್ಣಿಗೆ ಕಾಣದ್ದರಲ್ಲಿ. ಎಲೆಕೋಸು ಹುದುಗಿಸಿ ಮಾಡುವ ಕಿಮ್ಚಿಗೆ ಉಪ್ಪು ಹಾಕಿದ ಸಿಗಡಿಯನ್ನೋ ಮೀನಿನ ಸಾರವನ್ನೋ ಸೇರಿಸಿರುತ್ತಾರೆ. ಹುದುಗಿಸಿದ ಸೋಯಾದ ಸಾರು ನೋಡಲು ಬರೀ ತೋಫು, ಕುಂಬಳ, ಅಣಬೆ. ಕೆಳಗಿನ ನೀರು ಮಾತ್ರ ಒಣಮೀನು ಕುದಿಸಿದ್ದು. ‘ಮಾಂಸ ಬೇಡ’ ಅಂದರೆ ಹೋಟೆಲಿನಾಕೆ ನಗುನಗುತ್ತಾ ಹಂದಿಮಾಂಸದ ಹ್ಯಾಮ್ ತುಂಡು ಹಾಕಿ ತರುತ್ತಾಳೆ. ಅವಳ ಲೆಕ್ಕದಲ್ಲಿ ಮಾಂಸ ಅಂದರೆ ತಟ್ಟೆಯ ನಡುವೆ ಕಾಣುವ ದೊಡ್ಡ ತುಂಡು. ಮೋಸವಲ್ಲ ಅದು. ಹಾಗಾಗಿ ಒಂದೇ ಪದ ಹೇಳಿ ಸುಮ್ಮನಾಗಬೇಡಿ. ಹ್ಯಾಮ್, ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡ ಅಂತ ಕೊರಿಯನ್‌ನಲ್ಲಿ ಬರೆಸಿದ ಚೀಟಿಯನ್ನು ಫೋನಿನಲ್ಲಿ ಇಟ್ಟುಕೊಂಡು ತೋರಿಸಿ. ಅನ್ನದ ಮೇಲೆ ತರಕಾರಿ ಹಾಕಿ ಕಲಸಿ ತಿನ್ನುವ ಬಿಬಿಂಬಾಪ್ ಇದ್ದದ್ದರಲ್ಲಿ ಸುಲಭ. ಮೊಟ್ಟೆ, ಮಾಂಸ ತೆಗೆಸಬಹುದು.

ನಂಬಿ ತಿನ್ನಬಹುದಾದ್ದು ಬೌದ್ಧ ದೇವಾಲಯದ ಅಡುಗೆ. ಅಲ್ಲಿ ಮಾಂಸವಂತೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿ ಅಡುಗೆ ತಿಂದು ಬೆಳೆದವರಿಗೆ ಹಿತವಾಗಿರುತ್ತದೆ. ಅನೇಕ ದೇವಾಲಯಗಳಲ್ಲಿ ಭಾನುವಾರ ಮಧ್ಯಾಹ್ನ ಬಂದವರಿಗೆ ಊಟ ಹಾಕುತ್ತಾರೆ. ತಿಂದ ಬಟ್ಟಲು ನೀವೇ ತೊಳೆದಿಡಬೇಕು.

ಹಾಸ್ಟೆಲಿನಲ್ಲಿ ಒಲೆ ಇಲ್ಲದವರ ದಾರಿ ಇದು: ಅಂಗಡಿಯಲ್ಲಿ ‘ಹೆಟ್‌ಬಾನ್’ ಅಂತ ಡಬ್ಬಿ ಅನ್ನ ಸಿಗುತ್ತದೆ. ಎರಡು ನಿಮಿಷ ಮೈಕ್ರೋವೇವಿನಲ್ಲಿಟ್ಟರೆ ಬಿಸಿ ಅನ್ನ, ಸ್ವಲ್ಪ ಅಂಟು. ಅದಕ್ಕೆ ಅಮ್ಮನ ಚಟ್ನಿಪುಡಿ, ಇಲ್ಲವೇ ಸಕ್ಕರೆ ಹಾಕದ ಸಾದಾ ಯೋಗರ್ಟು. ಮೊಸರನ್ನಕ್ಕೆ ಅಂಟು ಅನ್ನವೇ ಚೆಂದ ಅಂತ ನನಗನ್ನಿಸಿದೆ. ಬೇಳೆ, ಅವಲಕ್ಕಿ, ಗೋಧಿಹಿಟ್ಟು ಬೇಕಾದರೆ ಸೋಲ್‌ನ ಇಟೆವಾನ್‌ನಲ್ಲಿ ಮಸೀದಿ ಗುಡ್ಡದ ಸುತ್ತ ಅಂಗಡಿಗಳಿವೆ.

ಕೊರಿಯನ್ ಒಂದಕ್ಷರ ಬರಲ್ಲ. ಕೋರ್ಸ್ ಇಂಗ್ಲಿಷಲ್ಲಿದೆ, ಕಲೀಲೇಬೇಕಾ?

ಅಕ್ಷರ ಕಲಿಯಲೇಬೇಕು, ಭಾಷೆ ಆಮೇಲೆ. ಸೇಜೋಂಗ್ ರಾಜ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಗೆ ಮೂಲವಾಗಿ 14 ವ್ಯಂಜನ, 10 ಸ್ವರ. ವ್ಯಂಜನಕ್ಕೆ ಸ್ವರ ಸೇರಿಸಿ, ಬೇಕಾದರೆ ಕೆಳಗೆ ಇನ್ನೊಂದು ವ್ಯಂಜನ ಕೂರಿಸಿ ಒಂದು ಗುಂಪು ಮಾಡುವ ಕ್ರಮ. ಕಾಗುಣಿತ, ಒತ್ತಕ್ಷರ ಬರೆದು ಬೆಳೆದ ಕೈಗೆ ಇದು ಬೇಗ ಹಿಡಿಯುತ್ತದೆ. ವಾರಾಂತ್ಯದಲ್ಲಿ ಕೂತರೆ ಬೋರ್ಡು ಓದಬಹುದು. ಓದಲು ಬಂದರೆ ಎಷ್ಟೋ ಪದ ತಾನಾಗೇ ಗೊತ್ತಾಗುತ್ತದೆ, ಏಕೆಂದರೆ ಕಾಫಿ, ಬಸ್, ಕಾರ್ಡು ಎಲ್ಲಾ ಇಂಗ್ಲಿಷಿನಿಂದಲೇ ಬಂದವು.

## ಕಾರ್ಡು, ಫೋನು, ಬ್ಯಾಂಕು

ರೆಸಿಡೆನ್ಸ್ ಕಾರ್ಡಿಗೆ 90 ದಿನ ಟೈಮಿದೆ ಅಂತಾರೆ. ನಿಧಾನಕ್ಕೆ ಮಾಡಿದರೆ ಆಗಲ್ವಾ?

90 ದಿನ ಅನ್ನೋದು ಕಾನೂನಿನ ಗಡುವು. ನಿಮ್ಮ ಗಡುವು ಮೊದಲ ವಾರ. ಯಾಕೆಂದರೆ ಸರಪಳಿ ಹೀಗಿದೆ: ಕಾರ್ಡು ಬಂದರೆ ನಿಮ್ಮ ಹೆಸರಿನಲ್ಲಿ ಸರಿಯಾದ ಫೋನ್ ನಂಬರು. ಆ ನಂಬರಿದ್ದರೆ ಬ್ಯಾಂಕಿನ ಆ್ಯಪು. ಎರಡೂ ಇದ್ದರೆ ಆನ್‌ಲೈನಿನಲ್ಲಿ ‘ನಾನು ನಾನೇ’ ಅಂತ ಸಾಬೀತು ಮಾಡಬಹುದು. ಅದು ಆಗದೆ ಊಟ ತರಿಸುವುದು, ರೈಲು ಟಿಕೆಟ್ಟು, ಆನ್‌ಲೈನ್ ಖರೀದಿ ಎಲ್ಲದರಲ್ಲೂ ಎಲ್ಲೋ ಒಂದು ಕಡೆ ತಡೆ.

ಹೈಕೊರಿಯಾ ವೆಬ್‌ಸೈಟಿನಲ್ಲಿ ಇಮಿಗ್ರೇಷನ್ ಆಫೀಸಿಗೆ ದಿನ ಗೊತ್ತು ಮಾಡಿಕೊಳ್ಳಬೇಕು. ಮಾರ್ಚ್, ಸೆಪ್ಟೆಂಬರಿನಲ್ಲಿ ಎಲ್ಲರೂ ಒಟ್ಟಿಗೆ ಮುಗಿಬೀಳುವುದರಿಂದ ವಾರಗಟ್ಟಲೆ ಖಾಲಿ ಸಿಗಲ್ಲ. ಕ್ಯಾಂಪಸ್ ತಲುಪಿದ ದಿನವೇ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಒಂದು ಪ್ರಶ್ನೆ ಕೇಳಿ: ಗುಂಪಿನಲ್ಲಿ ಅರ್ಜಿ ಹಾಕಿಸ್ತೀರಾ? ಬಹಳ ಯೂನಿವರ್ಸಿಟಿಗಳು ಹಾಕಿಸುತ್ತವೆ. ಅರ್ಜಿ ಕೊಟ್ಟು ಬೆರಳಚ್ಚು ಆದಮೇಲೂ ಕಾರ್ಡು ಬರಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಖರ್ಚಿಗೆ ಒಂದೂವರೆ ತಿಂಗಳಿಗಾಗುವಷ್ಟು ನಗದು ಮತ್ತು ಫಾರೆಕ್ಸ್ ಕಾರ್ಡು ಇರಲಿ. ಮುಂದೆ ರೂಮು ಬದಲಿಸಿದರೆ ಎರಡು ವಾರದೊಳಗೆ ಹೊಸ ವಿಳಾಸ ತಿಳಿಸಿ. ಮರೆತರೆ ದಂಡ.

ಪಾಸ್‌ಪೋರ್ಟಲ್ಲಿ ನನಗೆ ಸರ್‌ನೇಮೇ ಇಲ್ಲ, ಹೆಸರಿನ ಜೊತೆ ಅಪ್ಪನ ಹೆಸರಿದೆ. ತೊಂದರೆ ಆಗುತ್ತಾ?

ನಮ್ಮ ಕಡೆಯವರಿಗೆ ಇದೇ ದೊಡ್ಡ ತಲೆನೋವು, ಆದರೆ ಯಾರೂ ಮೊದಲೇ ಹೇಳಲ್ಲ. ಕೊರಿಯನ್ನರ ಹೆಸರು ಸಾಮಾನ್ಯವಾಗಿ ಮೂರಕ್ಷರ. ಅಷ್ಟಕ್ಕೇ ಮಾಡಿದ ಕಂಪ್ಯೂಟರಿಗೆ ನೀವು ಊರು, ಅಪ್ಪ, ಅಜ್ಜ ಎಲ್ಲಾ ಸೇರಿದ ಇಪ್ಪತ್ತೈದು ಅಕ್ಷರದ ಹೆಸರು ತಂದಿರುತ್ತೀರಿ. ಕಾರ್ಡಿನ ಮೇಲೆ ಪಾಸ್‌ಪೋರ್ಟಿನಂತೆ ಅಚ್ಚಾಗುತ್ತದೆ. ಫೋನ್ ಅಂಗಡಿಯ ಹುಡುಗ ನಡುವೆ ಜಾಗ ಬಿಡದೆ ಟೈಪ್ ಮಾಡುತ್ತಾನೆ. ಬ್ಯಾಂಕಿನವರು ಜಾಗ ಬಿಟ್ಟು ಟೈಪ್ ಮಾಡುತ್ತಾರೆ. ಇನ್ನೊಬ್ಬರು ಹಿಂದುಮುಂದು ಮಾಡುತ್ತಾರೆ, ಮತ್ತೊಬ್ಬರು ಬಾಕ್ಸ್ ಮುಗಿಯಿತು ಅಂತ ಕೊನೆ ನಾಲ್ಕಕ್ಷರ ಕತ್ತರಿಸುತ್ತಾರೆ. ಆಮೇಲೆ ಆ್ಯಪಿನಲ್ಲಿ ಹೆಸರು, ಹುಟ್ಟಿದ ದಿನ, ಫೋನ್ ನಂಬರು ಹೊಂದಿಸುವಾಗ ‘ಮಾಹಿತಿ ಹೊಂದಿಕೆಯಾಗುತ್ತಿಲ್ಲ’ ಅಂತ ಬರುತ್ತದೆ. ಕಾರಣ ಒಂದು ಸ್ಪೇಸು.

ಮಾಡಬೇಕಾದ್ದು: ಎಲ್ಲೇ ಹೋದರೂ ಬಾಯಲ್ಲಿ ಹೆಸರು ಹೇಳಬೇಡಿ, ಕಾರ್ಡು ಮುಂದಿಡಿ. ಟೈಪ್ ಮಾಡಿದ ಮೇಲೆ ಸ್ಕ್ರೀನ್ ತಿರುಗಿಸಿ ತೋರಿಸಲು ಕೇಳಿ. ದೊಡ್ಡಕ್ಷರ, ಜಾಗ, ಕ್ರಮ ಮೂರನ್ನೂ ನೋಡಿ. ಮೊದಲು ಫೋನು, ಆಮೇಲೆ ಬ್ಯಾಂಕು. ಬ್ಯಾಂಕಿಗೆ ಹೋಗುವಾಗ ಫೋನ್ ಕಂಪನಿಯ ಕರಾರಿನ ಕಾಗದ ಒಯ್ದು ‘ಇದರಲ್ಲಿದ್ದಂತೆಯೇ ಹಾಕಿ’ ಅನ್ನಿ. ಎಷ್ಟು ಪ್ರಯತ್ನಿಸಿದರೂ ಆ್ಯಪ್ ಒಪ್ಪದಿದ್ದರೆ ಜಾಗ ತೆಗೆದು ಒಮ್ಮೆ, ಹಾಕಿ ಒಮ್ಮೆ ನೋಡಿ.

ಇಂಡಿಯಾ ಸಿಮ್ ತೆಗೆದು ಬಿಸಾಡಬಹುದಾ?

ಖಂಡಿತ ಬೇಡ. ಊರಿನ ಬ್ಯಾಂಕಿನ ಓಟಿಪಿ ಅದಕ್ಕೇ ಬರುವುದು. ರೋಮಿಂಗ್ ಹಾಕಿಸಿ, ಕನಿಷ್ಠ ರೀಚಾರ್ಜು ಅಪ್ಪನಿಂದ ಮಾಡಿಸುತ್ತಿರಿ.

ಅಕೌಂಟಲ್ಲಿ ದುಡ್ಡಿದೆ, ಹಾಸ್ಟೆಲ್ ಫೀಸ್ ಕಳಿಸೋಕೆ ಹೋದರೆ ಆಗ್ತಿಲ್ಲ. ಬ್ಲಾಕ್ ಮಾಡಿದ್ದಾರಾ?

ಇಲ್ಲ, ಅದು ಮಿತಿ ಇರುವ ಖಾತೆ. ಫೋನಿನಲ್ಲಿ ನಡೆಯುವ ವಂಚನೆ ತಡೆಯಲು ಹೊಸ ಖಾತೆಗಳಿಗೆ ದಿನಕ್ಕೆ ಇಷ್ಟೇ ಅಂತ ಮಿತಿ ಹಾಕಿರುತ್ತಾರೆ. ಕೌಂಟರಿಗೆ ಹೋದರೆ ಜಾಸ್ತಿ ಕಳಿಸಬಹುದು. ಮಿತಿ ತೆಗೆಸಲು ದಾಖಲೆ ಬೇಕು: ಸ್ಕಾಲರ್‌ಶಿಪ್ ಪತ್ರ ಅಥವಾ ಲ್ಯಾಬಿನ ಸಂಬಳ ಬರುವ ಪುರಾವೆ. ಕ್ಯಾಂಪಸ್ ಒಳಗಿನ ಶಾಖೆಯಲ್ಲೇ ಖಾತೆ ತೆರೆಯಿರಿ, ಅವರಿಗೆ ವಿದೇಶಿ ವಿದ್ಯಾರ್ಥಿಗಳನ್ನು ನೋಡಿ ಅಭ್ಯಾಸ.

ಮಗಳಿಗೆ ಇನ್ಶೂರೆನ್ಸ್ ಬಿಲ್ ಬಂದಿದೆಯಂತೆ. ನಾವು ಮಾಡಿಸಿಯೇ ಇಲ್ಲವಲ್ಲ? ಹುಷಾರು ತಪ್ಪಿದರೆ ಏನು ಗತಿ?

2021ರ ಮಾರ್ಚಿನಿಂದ ವಿದೇಶಿ ವಿದ್ಯಾರ್ಥಿಗಳೂ ರಾಷ್ಟ್ರೀಯ ಆರೋಗ್ಯ ವಿಮೆಗೆ ಕಡ್ಡಾಯವಾಗಿ ಸೇರುತ್ತಾರೆ. ಡಿಗ್ರಿ ಓದಲು ಬರುವ ಡಿ-2 ವೀಸಾದವರ ಹೆಸರು ರೆಸಿಡೆನ್ಸ್ ಕಾರ್ಡಿನ ನೋಂದಣಿಯೊಂದಿಗೆ ತಾನಾಗೇ ಸೇರುತ್ತದೆ. ತಿಂಗಳಿಗೆ 70 ಸಾವಿರ ವೋನ್ ಮೇಲೆ ಬರುತ್ತದೆ. ಕಟ್ಟದೆ ಬಾಕಿ ಉಳಿಸಿಕೊಂಡರೆ ವೀಸಾ ವಿಸ್ತರಣೆಗೆ ಅಡ್ಡಿ. ಅಮ್ಮಾ, ಇದು ದಂಡದ ದುಡ್ಡಲ್ಲ. ಜ್ವರಕ್ಕೆ ಹತ್ತಿರದ ಸಣ್ಣ ಕ್ಲಿನಿಕ್ಕಿಗೆ ಹೋದರೆ ಈ ವಿಮೆಯಿಂದ ಕೈಯಿಂದ ಕೊಡುವುದು ತೀರಾ ಕಡಿಮೆ. ಸಣ್ಣದಕ್ಕೆಲ್ಲ ದೊಡ್ಡ ಆಸ್ಪತ್ರೆಗೆ ಓಡಬಾರದು ಅಷ್ಟೇ, ಅಲ್ಲಿ ದುಬಾರಿ. ಆಂಬುಲೆನ್ಸಿಗೆ 119, ದುಡ್ಡಿಲ್ಲ. ಪೊಲೀಸರಿಗೆ 112. ವೀಸಾ, ಕಾರ್ಡಿನ ವಿಷಯಕ್ಕೆ 1345, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಭಾರತದ ರಾಯಭಾರ ಕಚೇರಿ ಇರುವುದು ಸೋಲ್‌ನ ಹಾನ್ನಮ್‌ನಲ್ಲಿ.

## ಕ್ಲಾಸು, ಲ್ಯಾಬು, ದುಡಿಮೆ

ಕ್ಲಾಸ್‌ಮೇಟ್ ನನ್ನ ವಯಸ್ಸು ಕೇಳಿದ. ಮೊದಲ ದಿನವೇ! ಇದೇನು ಪದ್ಧತಿ?

ತಪ್ಪು ತಿಳಿಯಬೇಡಿ. ಯಾರು ದೊಡ್ಡವರು ಅಂತ ಗೊತ್ತಾಗದೆ ಅವರಿಗೆ ಕ್ರಿಯಾಪದವೇ ಹೊರಡಲ್ಲ. ನಾವು ‘ಬಾ’ ಅನ್ನಬೇಕೋ ‘ಬನ್ನಿ’ ಅನ್ನಬೇಕೋ ಅಂತ ಯೋಚಿಸ್ತೀವಲ್ಲ, ಅಂಥದ್ದೇ. ಹುಟ್ಟಿದ ವರ್ಷ ಹೇಳಿಬಿಡಿ. ಎರಡನೇ ವರ್ಷದ ಹುಡುಗರು ನಿಮಗಿಂತ ದೊಡ್ಡವರಾಗಿ ಕಂಡರೆ ಕಾರಣ ಸೇನೆ. ಸುಮಾರು ಒಂದೂವರೆ ವರ್ಷ ಕಡ್ಡಾಯ ಸೇವೆ ಮುಗಿಸಿ ಮತ್ತೆ ಓದಲು ಬಂದಿರುತ್ತಾರೆ. ಪ್ರೊಫೆಸರನ್ನು ‘ಗ್ಯೋಸುನಿಮ್’ ಅನ್ನಿ, ಹೆಸರು ಹಿಡಿಯಬೇಡಿ. ಏನೇ ಕೊಟ್ಟರೂ ತಗೊಂಡರೂ ಎರಡು ಕೈ.

ನಾನು ಪಿಎಚ್‌ಡಿಗೆ ಬಂದಿದ್ದೀನಿ. ಲ್ಯಾಬಲ್ಲಿ ಎಲ್ಲರೂ ರಾತ್ರಿ ಹತ್ತರವರೆಗೆ ಕೂತಿರ್ತಾರೆ. ನಾನೂ ಕೂರಬೇಕಾ?

ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಪ್ರೊಫೆಸರನ್ನು ನೇರವಾಗಿ ಕೇಳಬೇಡಿ. ‘ಲ್ಯಾಬ್‌ಜಾಂಗ್’ ಅಂತ ಒಬ್ಬ ಹಿರಿಯ ವಿದ್ಯಾರ್ಥಿ ಇರುತ್ತಾನೆ, ಅವನನ್ನು ಕೇಳಿ: ಬರುವ ಹೊತ್ತು ಕಡ್ಡಾಯವೋ, ಹೋಗುವ ಹೊತ್ತೋ? ಸಾಮಾನ್ಯವಾಗಿ ಬರುವ ಹೊತ್ತನ್ನೇ ಗಮನಿಸುತ್ತಾರೆ. ಬೆಳಗ್ಗೆ ತಪ್ಪದೆ ಬಂದು ಕೆಲಸ ತೋರಿಸುವವರು ಏಳಕ್ಕೆ ಎದ್ದರೆ ಯಾರೂ ಏನೂ ಅನ್ನಲ್ಲ. ಸುಮ್ನೆ ಕುರ್ಚಿ ಬಿಸಿ ಮಾಡುತ್ತಾ ಕೂರುವುದು ನನಗೆ ಸರಿ ಕಾಣಲ್ಲ. ಮೊದಲ ತಿಂಗಳು ಮಾತ್ರ ಮಧ್ಯಾಹ್ನದ ಊಟಕ್ಕೆ ಅವರ ಜೊತೆ ಹೋಗಿ, ಡಬ್ಬಿ ಇದ್ದರೂ ಸರಿ. ಯಾವ ಯಂತ್ರ ಕೆಟ್ಟಿದೆ, ಯಾವ ಫಾರಮ್ಮಿಗೆ ಎಂದು ಕೊನೆ ದಿನ ಅನ್ನೋದೆಲ್ಲ ಅಲ್ಲೇ ತಿಳಿಯೋದು.

ಕುಡಿಯಲ್ಲ ಅಂದರೆ ಬೇಜಾರು ಮಾಡ್ಕೋತಾರಾ?

ಮೊದಲಿನಷ್ಟು ಒತ್ತಾಯ ಈಗಿಲ್ಲ. ಲೋಟ ಖಾಲಿ ಇಡಬೇಡಿ. ‘ಸಾಯಿದಾ’ ಅಂದರೆ ನಿಂಬೆ ಸೋಡಾ ತಂದುಕೊಡುತ್ತಾರೆ. ಅದನ್ನು ತುಂಬಿಸಿಕೊಂಡು, ಹಿರಿಯರ ಲೋಟಕ್ಕೆ ಎರಡು ಕೈಯಲ್ಲಿ ಸುರಿಯಿರಿ. ಅಷ್ಟು ಸಾಕು.

ಖರ್ಚಿಗೆ ಪಾರ್ಟ್‌ಟೈಮ್ ಮಾಡೋಣ ಅಂತ. ಯಾವಾಗಿಂದ ಮಾಡಬಹುದು?

ಯೂನಿವರ್ಸಿಟಿಯ ಒಪ್ಪಿಗೆ, ಇಮಿಗ್ರೇಷನ್ ಅನುಮತಿ ಎರಡೂ ಬಂದ ಮೇಲೆ. ಭಾಷಾ ಕೋರ್ಸಿನ ಡಿ-4 ವೀಸಾದವರು ಆರು ತಿಂಗಳು ಕಾಯಬೇಕು. ವಾರಕ್ಕೆ ಎಷ್ಟು ಗಂಟೆ ಅನ್ನೋದು ನಿಮ್ಮ ಕೋರ್ಸು ಮತ್ತು ಟೋಪಿಕ್ ಭಾಷಾ ಪರೀಕ್ಷೆಯ ಮಟ್ಟದ ಮೇಲೆ. 2026ರ ಕನಿಷ್ಠ ಕೂಲಿ ಗಂಟೆಗೆ 10,320 ವೋನ್. ‘ಅನುಮತಿ ಆಮೇಲೆ ನೋಡೋಣ, ನಗದು ಕೊಡ್ತೀವಿ’ ಅನ್ನುವ ಅಂಗಡಿಗೆ ಕಾಲಿಡಬೇಡಿ. ಸಿಕ್ಕಿಬಿದ್ದರೆ ವೀಸಾ ಹೋಗುವುದು ನಿಮ್ಮದು.

ಹಾಸ್ಟೆಲ್ ಬಿಟ್ಟು ರೂಮ್ ಮಾಡ್ತೀನಿ. ಅಡ್ವಾನ್ಸ್ ಬೆಂಗಳೂರಿನ ಥರಾನೇನಾ?

ಅದಕ್ಕಿಂತ ಜಾಸ್ತಿ. ಬಾಡಿಗೆ ‘ವೋಲ್ಸೆ’, ಅಡ್ವಾನ್ಸು ‘ಬೋಜುಂಗ್‌ಗುಮ್’. ಸೋಲ್‌ನ ಕ್ಯಾಂಪಸ್ ಹತ್ತಿರ ಒಂದು ಕೋಣೆಗೆ ಅಡ್ವಾನ್ಸೇ 50 ಲಕ್ಷ, ಒಂದು ಕೋಟಿ ವೋನ್ ಕೇಳುತ್ತಾರೆ. ಅಡ್ವಾನ್ಸ್ ಜಾಸ್ತಿ ಕೊಟ್ಟರೆ ಬಾಡಿಗೆ ಇಳಿಸುವುದೂ ಉಂಟು. ಅಡ್ವಾನ್ಸಿಲ್ಲದೆ ಬೇಕೆಂದರೆ ‘ಗೋಶಿವೋನ್’, ಕೈಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕೋಣೆ. ಮೊದಲ ಸೆಮಿಸ್ಟರ್ ಹಾಸ್ಟೆಲಿನಲ್ಲೇ ಇರಿ ಅಂತ ನನ್ನ ಸಲಹೆ.

ಸೆಪ್ಟೆಂಬರಲ್ಲಿ ಬರ್ತೀನಿ. ಚುಸಾಕ್ ರಜೆಗೆ ಎಲ್ಲಾ ಮುಚ್ಚುತ್ತಾರಂತೆ?

ಹೌದು. ಚುಸಾಕ್ ಸುಗ್ಗಿಯ ಹಬ್ಬ, ಮೂರು ದಿನ ಸರ್ಕಾರಿ ರಜೆ. 2026ರಲ್ಲಿ ಸೆಪ್ಟೆಂಬರ್ 25ಕ್ಕೆ. ನೀವು ಬಂದು ತಿಂಗಳು ತುಂಬುವ ಮುಂಚೆಯೇ ಕ್ಯಾಂಟೀನು ಬಂದ್, ಪಕ್ಕದ ರೂಮಿನವರೆಲ್ಲ ಊರಿಗೆ. ಕನ್ವೀನಿಯನ್ಸ್ ಸ್ಟೋರು ತೆರೆದಿರುತ್ತದೆ. ಬ್ಯಾಂಕು, ಇಮಿಗ್ರೇಷನ್ ಕೆಲಸ ಹಿಂದಿನ ವಾರವೇ ಮುಗಿಸಿ. ರೈಲು ಟಿಕೆಟ್ಟು ಆಗ ಸಿಗಲ್ಲ, ಊರು ಸುತ್ತುವ ಯೋಜನೆ ಬೇಡ. ಸೋಲ್‌ನಲ್ಲಿರುವವರಿಗೆ ಹಳೆಯ ಅರಮನೆಗಳಿಗೆ ಹಬ್ಬದ ದಿನಗಳಲ್ಲಿ ಸಾಮಾನ್ಯವಾಗಿ ಟಿಕೆಟ್ಟಿಲ್ಲದೆ ಪ್ರವೇಶ ಇರುತ್ತದೆ. ಹೆಟ್‌ಬಾನ್ ಅನ್ನದ ಡಬ್ಬಿ ಮಾತ್ರ ನಾಲ್ಕೈದು ದಿನಕ್ಕಾಗುವಷ್ಟು ಮೊದಲೇ ತಂದಿಟ್ಟುಕೊಳ್ಳಿ.